ನಲವತ್ತೊಂದನೆಯ ಬೀಗ

ಅಳಿಯ ಅಲ್ಲ, ಮಗಳ ಗಂಡ ಅಂತ ಗಾದೆ ಇದೆಯಲ್ಲ, ಕೋಲ್ಡ್ ಸ್ಟೋರೇಜುಗಳ ಯಂತ್ರ ರಿಪೇರಿ ಮಾಡುವ ಆ ಕಂಪನಿಯ ಮೆಕ್ಯಾನಿಕ್ಕುಗಳು ಅದನ್ನು ಸ್ವಲ್ಪ ಉದ್ದ ಮಾಡಿಕೊಂಡಿದ್ದರು: ಅಳಿಯನೂ ಹೌದು, ಮಗಳ ಗಂಡನೂ ಹೌದು, ಈಗ ನಮ್ಮ ಕಂಪ್ಯೂಟರುಗಳಿಗೂ ಅವನೇ ಯಜಮಾನ.

ಮಾತು ಕಟ್ಟಿದವಳು ದೂರಿನಕ್ಕ. ಹತ್ತೊಂಬತ್ತು ವರ್ಷದಿಂದ ಆ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜು ಅವಳದು. ಎಲ್ಲಿ ಯಂತ್ರ ಕೆಟ್ಟರೂ ಫೋನು ಬರುವುದು ಅವಳಿಗೆ. ಯಾವ ಮೆಕ್ಯಾನಿಕ್ಕನ್ನು ಎಲ್ಲಿಗೆ ಅಟ್ಟಬೇಕು, ಅವನು ಈಗ ಯಾವ ರಸ್ತೆಯಲ್ಲಿದ್ದಾನೆ, ಅವನ ಗಾಡಿಯಲ್ಲಿ ಯಾವ ಸ್ಪ್ಯಾನರ್ ಇದೆ, ಯಾವುದು ಇಲ್ಲ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಬರಬರುತ್ತಾ ಕಚೇರಿಯ ಒಂಬತ್ತು ಕಂಪ್ಯೂಟರುಗಳ ಉಸ್ತುವಾರಿಯೂ ಅವಳ ಕೊರಳಿಗೇ ಬಿದ್ದಿತ್ತು, ಬೇರೆ ಯಾರೂ ಕೊರಳು ಕೊಡಲಿಲ್ಲವಾದ್ದರಿಂದ.

ಆ ಒಂಬತ್ತೂ ಮುದಿ ಯಂತ್ರಗಳು. ಬೆಳಿಗ್ಗೆ ಗುಂಡಿ ಒತ್ತಿ, ಮುಖ ತೊಳೆದು, ಟೀ ಕುಡಿದು ಬಂದರೂ ಇನ್ನೂ ಕಣ್ಣು ಬಿಡುತ್ತಿರಲಿಲ್ಲ. ಒಂಬತ್ತಕ್ಕೂ ಒಂದೇ ಪಾಸ್‌ವರ್ಡ್. ಅದನ್ನು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಯಾರೋ ಬರೆದಿಟ್ಟಿದ್ದರು, ವರ್ಷ ಬದಲಾದಾಗ ಹೊಸ ಕ್ಯಾಲೆಂಡರಿಗೆ ಶ್ರದ್ಧೆಯಿಂದ ನಕಲು ಮಾಡುತ್ತಿದ್ದರು. ಹೋದ ವರ್ಷ ಯಾವುದೋ ಕಳ್ಳ ಮೇಲ್ ತೆರೆದು ಗಿರಾಕಿಗಳ ಪಟ್ಟಿಯೆಲ್ಲ ಮಣ್ಣುಪಾಲಾಗಿತ್ತು. ಹೊಸ ಕಂಪ್ಯೂಟರು ತನ್ನಿ, ಬೀಗ ಹಾಕಿಸಿ, ಹೊರಗೆ ಓಡಾಡುವ ಹುಡುಗರಿಗೆ ನಕ್ಷೆಗಳು ಕೈಯಲ್ಲೇ ಸಿಗುವ ಹಾಗೆ ಮಾಡಿಸಿ ಎಂದು ದೂರಿನಕ್ಕ ಯಜಮಾನರಿಗೆ ಆರು ವರ್ಷದಿಂದ ಹೇಳುತ್ತಲೇ ಬಂದಿದ್ದಳು. ಯಜಮಾನರು ಕೆಟ್ಟವರಲ್ಲ. "ಮಾಡೋಣಮ್ಮ, ಮಾಡೋಣ" ಎನ್ನುತ್ತಿದ್ದರು. ಅದೇ ಮಾತನ್ನು ಅಳಿಯ ಒಂದು ಸಲ, ಊಟದ ಮೇಜಿನಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಮರುವಾರವೇ ಪೆಟ್ಟಿಗೆಗಳು ಬಂದು ಇಳಿದವು.

"ಮನೆ ಹೆಣ್ಣು ಆರು ವರ್ಷ ಕೂಗಿದ್ರೆ ಗಾಳಿ, ಅಳಿಯ ಆಕಳಿಸಿದ್ರೆ ವೇದ" ಎಂದಳು ಅವಳ ಅತ್ತೆ, ಆ ರಾತ್ರಿ ಊಟಕ್ಕೆ ಕೂತಾಗ. ಅತ್ತೆಗೆ ಎಂಬತ್ತರ ಹತ್ತಿರ. ಕಾಲು ಕೂತಿತ್ತು, ಬಾಯಿ ಮಾತ್ರ ಕೂತಿರಲಿಲ್ಲ. ಸೊಸೆ ಕಚೇರಿಯಿಂದ ತರುವ ಸುದ್ದಿಯೇ ಅವಳಿಗೆ ನಾಟಕ, ಸಿನಿಮಾ ಎಲ್ಲ.

ಅಳಿಯ ಎಂಥವನು ಎಂದರೆ, ಯಾವ ಕೋಣೆಗೆ ಹೋದರೂ ಮೊದಲು ಅವನ ಪರದೆ ಹೋಗಬೇಕು. ಗೋಡೆಯ ಮೇಲೆ ಚಿತ್ರ ಬೀಳಿಸದೆ ಅವನು ಬಾಯಿ ತೆರೆಯುತ್ತಿರಲಿಲ್ಲ. ಮೊದಲ ದಿನ ಇಪ್ಪತ್ತಾರು ಮೆಕ್ಯಾನಿಕ್ಕುಗಳನ್ನು ಗೋದಾಮಿನಲ್ಲಿ ನಿಲ್ಲಿಸಿ ಒಂದೂವರೆ ಗಂಟೆ ಚಿತ್ರ ತೋರಿಸಿದ. ಒಂದು ಮೋಡ, ಮೋಡದಿಂದ ಬಾಣ, ಬಾಣದ ತುದಿಯಲ್ಲಿ ಹಲ್ಲು ಕಿರಿಯುತ್ತಿರುವ ಬಿಳಿ ಶರ್ಟಿನ ಒಬ್ಬ ಮೆಕ್ಯಾನಿಕ್. ಕೈಗೆ ಗ್ರೀಸು ಅಂಟದ ಮೆಕ್ಯಾನಿಕ್ಕನ್ನು ತಮ್ಮ ಜನ್ಮದಲ್ಲಿ ಅದೇ ಮೊದಲು ಕಂಡದ್ದು ಎಂದು ಅವರೆಲ್ಲ ಆಮೇಲೆ ಹೇಳಿಕೊಂಡು ನಕ್ಕರು.

ಹೊಸ ಏರ್ಪಾಡು ಹೀಗೆ. ಎಲ್ಲರಿಗೂ ಒಂದೊಂದು ಟ್ಯಾಬ್. ಅವರವರ ಪಾಲಿನ ಕೋಲ್ಡ್ ಸ್ಟೋರೇಜುಗಳ ಕೊಳವೆ, ವಾಲ್ವುಗಳ ನಕ್ಷೆ ಅದರಲ್ಲಿ ಕಾಣುತ್ತದೆ, ಎಲ್ಲಿದ್ದರೂ ಸರಿ. ತೆರೆಯಲು ಮೊದಲು ಪಾಸ್‌ವರ್ಡ್. ಆಮೇಲೆ ಫೋನಿಗೆ ಆರಂಕಿಯ ಸಂಖ್ಯೆ ಬರುತ್ತದೆ, ಒಂದು ನಿಮಿಷದೊಳಗೆ ಅದನ್ನು ಒತ್ತಬೇಕು. ಹತ್ತು ನಿಮಿಷ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ಮೂರು ಸಲ ತಪ್ಪಿದರೆ ಬೀಗ. ಆ ಬೀಗ ತೆಗೆಯುವ ಅಧಿಕಾರ ಒಬ್ಬರಿಗೇ: ಅಳಿಯನಿಗೆ.

ದೂರಿನಕ್ಕ ಹಿಂದಿನ ಸಾಲಿನಿಂದ ಕೈ ಎತ್ತಿದಳು.

"ಕೋಲ್ಡ್ ಸ್ಟೋರೇಜ್ ಗೋಡೆ ಒಂದು ಮೊಳ ದಪ್ಪ ಇರುತ್ತೆ ಸಾರ್. ಎರಡೂ ಕಡೆ ತಗಡು. ಒಳಗೆ ಫೋನಿಗೆ ಜೀವಾನೇ ಇರಲ್ಲ. ಸಂಖ್ಯೆ ಹೇಗೆ ಬರುತ್ತೆ?"

ಅಳಿಯ ನಕ್ಕ. ಚಿಕ್ಕ ಮಗು ಚಂದಮಾಮನನ್ನು ಕೇಳಿದಾಗ ದೊಡ್ಡವರು ನಗುವ ನಗೆ.

"ಅಕ್ಕಾ, ಇದು ಕ್ಲೌಡ್. ಇದಕ್ಕೆ ಗೋಡೆ ಗೀಡೆ ಎಲ್ಲ ಲೆಕ್ಕಕ್ಕೇ ಇಲ್ಲ."

ಯಜಮಾನರು ಮುಂದಿನ ಕುರ್ಚಿಯಲ್ಲಿ ಕೂತು ತಲೆದೂಗಿದರು. ಗೋಡೆಯನ್ನೇ ಲೆಕ್ಕಿಸದ ಅಳಿಯ ಎಷ್ಟು ಜನಕ್ಕೆ ಸಿಕ್ಕಾನು?

ಆ ಯಂತ್ರಗಳ ಜೊತೆ ಇನ್ನೂರು ಪುಟದ ಒಂದು ಕೈಪಿಡಿ ಬಂದಿತ್ತು. ಅದರ ಪ್ಲಾಸ್ಟಿಕ್ಕು ಹರಿದವಳು ದೂರಿನಕ್ಕ ಒಬ್ಬಳೇ. ನಾಲ್ಕು ದಿನ ಮನೆಗೆ ಒಯ್ದು, ಅತ್ತೆಗೆ ಕಾಲು ಒತ್ತುತ್ತಾ, ಕುಕ್ಕರಿನ ಸೀಟಿ ಎಣಿಸುತ್ತಾ ಪೂರ್ತಿ ಓದಿದಳು. ನೂರ ಮೂವತ್ತೆಂಟನೇ ಪುಟದಲ್ಲಿ ಪರಿಹಾರ ಇತ್ತು. ಫೋನಿನ ಹಂಗೇ ಇಲ್ಲದೆ ತಾನೇ ಸಂಖ್ಯೆ ತೋರಿಸುವ, ಬೀಗದ ಗೊಂಚಲಿಗೆ ಸಿಕ್ಕಿಸಿಕೊಳ್ಳುವಂಥ ಪುಟ್ಟ ಬಿಲ್ಲೆ ಸಿಗುತ್ತದೆ. ಜೊತೆಗೆ ಆ ದಿನ ಹೋಗಬೇಕಾದ ಜಾಗಗಳ ನಕ್ಷೆಗಳನ್ನು ಬೆಳಿಗ್ಗೆಯೇ ಟ್ಯಾಬಿನೊಳಗೆ ಇಳಿಸಿಟ್ಟುಕೊಳ್ಳುವ ದಾರಿಯೂ ಇದೆ. ಬೀಗವೂ ಉಳಿಯಿತು, ಕೆಲಸವೂ ಆಯಿತು.

ಪುಟಕ್ಕೆ ಚೀಟಿ ಇಟ್ಟು ಅಳಿಯನ ಕೋಣೆಗೆ ಹೋದಳು. ಅವನು ಪುಸ್ತಕ ಮುಟ್ಟಲೂ ಇಲ್ಲ.

"ನೀವು ಫೋನ್ ನೋಡ್ಕೊಳ್ಳಿ ಅಕ್ಕಾ. ಓದೋದು ಗೀದೋದು ನಮಗಿರ್ಲಿ. ಆಂ, ಇನ್ನೊಂದು. ನಕ್ಷೆ ನೋಡೋ ಅಧಿಕಾರ ನಿಮ್ಮ ಹೆಸರಲ್ಲಿತ್ತು, ತೆಗ್ದಿದೀನಿ. ದೂರು ಬರ್ಕೊಳೋರಿಗೆ ನಕ್ಷೆ ಯಾಕೆ? ಸೆಕ್ಯೂರಿಟಿ ಅಂದ್ರೆ ಹಾಗೇನೇ."

ಕಾಗದದ ನಕ್ಷೆಗಳು ಆ ಹೊತ್ತಿಗಾಗಲೇ ರದ್ದಿಗೆ ಹೋಗಿದ್ದವು.

ಅವಳು ತಿರುಗಿ ಬಂದು, ಕೈಪಿಡಿಯನ್ನು ಮೇಜಿನ ಕೆಳಗಿನ ಖಾನೆಗೆ ತಳ್ಳಿ, ಮೊಣಕಾಲಿನಿಂದ ದೂಡಿ ಮುಚ್ಚಿದಳು. ಯಜಮಾನರ ಹತ್ತಿರ ಹೋಗಬಹುದಿತ್ತು. ಹೋಗಲಿಲ್ಲ. 'ಬೀಳಲಿ. ಇವನು ತಾನಾಗಿ ತೋಡಿದ ಗುಂಡಿ. ಬೀಳೋವರೆಗೂ ನಾನು ಬಾಯಿ ಬಿಡಲ್ಲ' ಎಂದುಕೊಂಡಳು. ಹಾಗೆ ಅಂದುಕೊಂಡಾಗ ಒಳಗೆಲ್ಲೋ ತಂಪೆನಿಸಿತು ಎಂಬುದನ್ನೂ ಹೇಳಿಬಿಡಬೇಕು.

ಅವಳು ಹೇಳಿದಂತೆಯೇ ಆಯಿತು. ಮೆಕ್ಯಾನಿಕ್ಕುಗಳು ಬಾಗಿಲ ಹೊರಗೆ ನಿಂತು ಸಂಖ್ಯೆ ಒತ್ತಿ, ನಕ್ಷೆ ತೆರೆದು, ಓಡಿ ಒಳಗೆ ಹೋಗುವರು. ಒಂದು ಬೋಲ್ಟು ಬಿಚ್ಚುವಷ್ಟರಲ್ಲಿ ಪರದೆ ಮುಚ್ಚಿಕೊಳ್ಳುವುದು. ಒಳಗಿಂದಲೇ ಒತ್ತಿ ನೋಡುವರು, ಸಂಖ್ಯೆ ಬಾರದು. ಹೊರಗೆ ಓಡಿ ಬರುವಷ್ಟರಲ್ಲಿ ಬಂದ ಸಂಖ್ಯೆ ಸತ್ತಿರುವುದು. ಮೂರು ಸಲ ಹೀಗಾದರೆ ಬೀಗ. ಕೆಲವರು ಬುದ್ಧಿ ಓಡಿಸಿ ನಕ್ಷೆಯನ್ನು ಬಾಲ್‌ಪೆನ್ನಿನಲ್ಲಿ ಮೊಣಕೈವರೆಗೂ ಬರೆದುಕೊಂಡು ಒಳಗೆ ಹೋಗತೊಡಗಿದರು. ಬೀಗ ಬಿದ್ದವರು ದೂರಿನಕ್ಕನಿಗೆ ಫೋನು ಮಾಡಬೇಕು, ಅವಳು ಅಳಿಯನಿಗೆ ಹೇಳಬೇಕು, ಅವನು ತನಗೆ ಪುರುಸೊತ್ತಾದಾಗ, ಹತ್ತು ನಿಮಿಷ ಉಪದೇಶ ಮಾಡಿ, ತೆಗೆಯಬೇಕು.

ದೂರಿನಕ್ಕ ಒಂದು ಪುಟ್ಟ ನೋಟುಬುಕ್ಕು ಇಟ್ಟಳು. ತಾರೀಖು, ಗಂಟೆ, ಯಾರಿಗೆ ಬೀಗ, ಎಷ್ಟು ಹೊತ್ತಿಗೆ ತೆರೆಯಿತು. ಐವತ್ತು ಆಗಲಿ, ಆಮೇಲೆ ಒಂದೇ ಏಟಿಗೆ ಯಜಮಾನರ ಮುಂದೆ ಇಡುತ್ತೇನೆ, ಅಳಿಯನೂ ಇರಬೇಕು ಆಗ, ಅವನ ಮುಖ ನೋಡಬೇಕು ಎಂಬುದು ಅವಳ ಲೆಕ್ಕ. ಮನೆಗೆ ಕಾಲಿಡುತ್ತಲೇ ಅತ್ತೆ ಒಳಗಿನಿಂದ ಕೂಗುವಳು:

"ಇವತ್ತಿಗೆ ಎಷ್ಟಾಯ್ತೇ?"

"ಮೂವತ್ತೆಂಟು ಅತ್ತೆ."

"ಥೂ, ನಿಧಾನ ಆಯ್ತು. ಹೋದ ವಾರ ಚೆನ್ನಾಗಿ ಬೀಳ್ತಿತ್ತು."

ಗಂಡ ಪೇಪರಿನಿಂದ ತಲೆ ಎತ್ತಿ "ಪಾಪ ಆ ಮೆಕ್ಯಾನಿಕ್ಕುಗಳು" ಎಂದ ಒಂದು ದಿನ. ಅತ್ತೆ ಸೊಸೆ ಇಬ್ಬರೂ ಅವನನ್ನು ಗದರಿದರು. ಆ ಮನೆಯಲ್ಲಿ ಅವರಿಬ್ಬರು ಒಂದಾಗುವುದು ಅಪರೂಪ.

ನಲವತ್ತೊಂದನೆಯ ಬೀಗ ಬಿದ್ದದ್ದು ಐಸಣ್ಣನಿಗೆ.

ಐಸಣ್ಣ ಕಂಪನಿಯ ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್. ಮೂವತ್ತು ವರ್ಷ ಆ ಚಳಿಯ ಕೋಣೆಗಳಲ್ಲೇ ಕಳೆದು, ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿರುತ್ತಿದ್ದ. ಉಳಿದವರಿಗೆಲ್ಲ ದೂರಿನಕ್ಕ ಅಕ್ಕ, ಅವನೊಬ್ಬನಿಗೆ ತಂಗಿ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಂಪ್ರೆಸರ್ ಎಂದರೇನು, ಕಂಡೆನ್ಸರ್ ಎಂದರೇನು ಎಂದು ಬಟ್ಟಲು, ಚಮಚ ಇಟ್ಟುಕೊಂಡು ಹೇಳಿಕೊಟ್ಟವನು ಅವನೇ. ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಮಾಮೂಲಿ ತಪಾಸಣೆಗೆ ಒಂದು ಸ್ಟೋರೇಜಿನ ಒಳಗಿದ್ದಾಗ ಮೂರು ಸಲ ತಪ್ಪಿ ಅವನ ಟ್ಯಾಬಿಗೆ ಬೀಗ ಬಿತ್ತು. ಫೋನು ಮಾಡಿದ. ಅವಳು ನೋಟುಬುಕ್ಕಿನಲ್ಲಿ ಬರೆದಳು: ನಲವತ್ತೊಂದು. ಅಳಿಯನಿಗೆ ಒಂದು ಮೆಸೇಜು ಹಾಕಿದಳು. ಉತ್ತರ ಬರಲಿಲ್ಲ. ಅವನು ಅಂದು ನಗರದ ದೊಡ್ಡ ಹೋಟೆಲಿನಲ್ಲಿ ಉದ್ಯಮಿಗಳ ಸಭೆಗೆ ಹೋಗಿದ್ದ, ಯಜಮಾನರನ್ನೂ ಕರೆದುಕೊಂಡು. ಭಾಷಣದ ವಿಷಯ: 'ಎಲ್ಲಿಂದಾದರೂ ಕೆಲಸ, ಎಲ್ಲಿದ್ದರೂ ಸುರಕ್ಷೆ'. ಅವಳು ಎರಡನೇ ಮೆಸೇಜು ಹಾಕುವ ಗೋಜಿಗೆ ಹೋಗಲಿಲ್ಲ.

ಹನ್ನೊಂದೂಕಾಲಿಗೆ ಊರಾಚೆಯ ಆಲೂಗಡ್ಡೆ ಸ್ಟೋರೇಜಿನಿಂದ ಫೋನು ಬಂತು. ಮ್ಯಾನೇಜರನ ದನಿ ಕೆಮ್ಮಿನ ನಡುವೆ ತುಂಡು ತುಂಡಾಗಿ ಬರುತ್ತಿತ್ತು. ಕೊಳವೆ ಒಡೆದು ಅಮೋನಿಯಾ ಸೋರುತ್ತಿದೆ. ಆ ಜಾಗ ಐಸಣ್ಣನ ಪಾಲಿನದು, ಹತ್ತಿರದಲ್ಲಿದ್ದವನೂ ಅವನೇ, ಅವನನ್ನೇ ಅಟ್ಟಿದಳು. ಇಪ್ಪತ್ತು ನಿಮಿಷಕ್ಕೆ ಅಲ್ಲಿಂದ ಫೋನು ಮಾಡಿದ.

"ತಂಗೀ, ಮುಖ್ಯ ವಾಲ್ವ್ ಹತ್ರ ಹೋಗೋ ಹಾಗೇ ಇಲ್ಲ, ಹೊಗೆ ಅಲ್ಲೇ ದಟ್ಟವಾಗಿದೆ. ಹಿಂದಿನ ಕಡೆಯಿಂದ ಮುಚ್ಬೇಕು. ಇದನ್ನ ಎರಡು ಸಲ ದೊಡ್ಡದು ಮಾಡಿದಾರೆ, ಹನ್ನೊಂದು ವಾಲ್ವ್ ಇದೆ, ಒಂದಕ್ಕೂ ಚೀಟಿ ಇಲ್ಲ. ನಕ್ಷೆ ಬೇಕು. ನನ್ನ ಟ್ಯಾಬ್ ಇನ್ನೂ ತೆಗ್ದಿಲ್ವಾ?"

"ಇಲ್ಲ ಅಣ್ಣ."

"ಬೇರೆ ಯಾರ ಟ್ಯಾಬಿಂದಾದ್ರೂ?"

"ಅವರವರ ಜಾಗದ ನಕ್ಷೆ ಅವರವರಿಗೆ ಮಾತ್ರ. ಅದೂ ಅವನದೇ ನಿಯಮ."

"ನಿನಗೆ ನೆನಪಿದೆಯಾ?"

ಅವಳು ಕಣ್ಣು ಮುಚ್ಚಿದಳು. ಹಳೆಯ ಕಾಗದದ ನಕ್ಷೆ, ಮೂಲೆಯಲ್ಲಿ ಟೀ ಕಲೆ, ಕೆಂಪು ಗೆರೆ. ಎಡಗಡೆ ಮೂರನೆಯದೋ, ನಾಲ್ಕನೆಯದೋ. ತಪ್ಪು ವಾಲ್ವ್ ಮುಚ್ಚಿದರೆ ದ್ರವ ಎರಡರ ಮಧ್ಯೆ ಸಿಕ್ಕಿಕೊಂಡು ಕೊಳವೆ ಬಾಂಬಿನ ಹಾಗೆ ಸಿಡಿಯುತ್ತದೆ ಎಂದು ಕಲಿಸಿಕೊಟ್ಟವನೂ ಅವನೇ.

"ಹೇಳಲ್ಲ ಅಣ್ಣ. ನೆನಪಿನ ಮೇಲೆ ಹೇಳಲ್ಲ. ಹೊರಗೇ ಇರು. ಅರ್ಧ ಗಂಟೆ ಕೊಡು."

ಅಳಿಯನಿಗೆ ಫೋನು: ಸ್ವಿಚ್ ಆಫ್. ಯಜಮಾನರಿಗೆ: ಸ್ವಿಚ್ ಆಫ್. ಅವಳು ಬಾಡಿಗೆ ಕಾರು ಹಿಡಿದು ಹೋಟೆಲಿಗೆ ಹೋದಳು. ದಾರಿಯುದ್ದಕ್ಕೂ ಚಾಲಕನ ಸೀಟನ್ನು ಹಿಂದಿನಿಂದ ಹಿಡಿದುಕೊಂಡೇ ಕೂತಿದ್ದಳು.

ಸಭಾಂಗಣದಲ್ಲಿ ಇನ್ನೂರು ಜನ. ಎಲ್ಲರ ಮುಂದೆ ನೀರಿನ ಬಾಟಲಿ, ಕೊರಳಲ್ಲಿ ಹೆಸರಿನ ಪಟ್ಟಿ. ವೇದಿಕೆಯ ಮೇಲೆ ಅದೇ ಮೋಡ, ಅದೇ ಬಾಣ, ಅದೇ ಬಿಳಿ ಶರ್ಟಿನ ಮೆಕ್ಯಾನಿಕ್. ಅಳಿಯ ಮೈಕಿನಲ್ಲಿ ಹೇಳುತ್ತಿದ್ದ: "ನಮ್ಮಲ್ಲಿ ಒಬ್ಬ ಸಾಮಾನ್ಯ ಮೆಕ್ಯಾನಿಕ್ ಕೂಡ, ಭೂಮಿಯ ಯಾವ ಮೂಲೆಯಿಂದಾದರೂ..."

ದೂರಿನಕ್ಕ ನೇರ ವೇದಿಕೆ ಹತ್ತಿದಳು. ಕಾಲಲ್ಲಿ ಕಚೇರಿಯೊಳಗೆ ಹಾಕುವ ಹವಾಯಿ ಚಪ್ಪಲಿ, ಬದಲಾಯಿಸಿಕೊಳ್ಳಲು ಮರೆತಿದ್ದಳು.

"ಐಸಣ್ಣನ ಬೀಗ ತೆಗೀರಿ. ಅಮೋನಿಯಾ ಸೋರ್ತಿದೆ. ಈಗಲೇ ತೆಗೀರಿ."

ಅಳಿಯ ಮೈಕನ್ನು ಅಂಗೈಯಲ್ಲಿ ಮುಚ್ಚಿದ. ಮುಖದ ನಗು ಹಾಗೇ ಇತ್ತು, ತೆಗೆಯಲು ಮರೆತ ತೋರಣದ ಹಾಗೆ.

"ಅಕ್ಕಾ, ಏನಿದು? ಭಾಷಣ ಮುಗೀಲಿ..."

"ಅಲ್ಲಿ ಜನ ಇದಾರೆ!"

ಅವನು ಲ್ಯಾಪ್‌ಟಾಪಿನತ್ತ ನೋಡಿದ. ಅದರಲ್ಲಿ ಚಿತ್ರಗಳು ಓಡುತ್ತಿದ್ದವು, ಅಷ್ಟೇ. ಬೀಗ ತೆಗೆಯುವ ಪುಟ ಪಾಸ್‌ವರ್ಡ್ ಕೇಳಿತು. ಅವನು ಬೆರಳನ್ನು ಕೀಲಿಮಣೆಯ ಮೇಲೆ ಇಟ್ಟ, ತೆಗೆದ.

"ಅದು... ಕಚೇರಿಯಲ್ಲಿದೆ. ನನ್ನ ಮೌಸ್ ಪ್ಯಾಡ್ ಕೆಳಗೆ. ಚೀಟಿ."

ಇಪ್ಪತ್ತಾರು ಜನರಿಗೆ ಬೀಗ ಜಡಿದವನ ಸ್ವಂತ ಕೀಲಿ ಒಂದು ಚೀಟಿಯಲ್ಲಿ ಎಂದು ಅವಳಿಗೆ ಅನ್ನಿಸಿದ್ದು ಆಮೇಲೆ. ಆಗ ಅವಳು ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಕಚೇರಿಗೆ ಫೋನು ಹಚ್ಚಿದಳು. ಎತ್ತಿದವಳು ಕಸ ಗುಡಿಸುವ ಅಮ್ಮ. ಎರಡೂ ಕೈ ಬೇಕಾಗಿತ್ತು, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು, ಮೈಕಿನ ಪಕ್ಕದಲ್ಲೇ.

"ಅಮ್ಮಾ, ಅಳಿಯಂದಿರ ಕೋಣೆಗೆ ಹೋಗು. ಮೌಸ್ ಪ್ಯಾಡ್ ಕೆಳಗೆ ಒಂದು ಚೀಟಿ..."

"ಆ ಚೀಟೀನಾ?" ಮುದುಕಿಯ ದನಿ ಇನ್ನೂರು ಜನರ ನೆತ್ತಿಯ ಮೇಲೆ ಮೊಳಗಿತು. "ಅದಕ್ಕೆ ಅಲ್ಲೀವರೆಗೂ ಯಾಕೆ ಹೋಗ್ಲಿ? ದಿನಾ ಒರೆಸಿ ಒರೆಸಿ ಬಾಯಿಪಾಠ ಆಗಿದೆ. ಬಿ, ಓ, ಎಸ್, ಎಸ್. ಆಮೇಲೆ ಒಂದು, ಎರಡು, ಮೂರು. ಹಿಂದೆ ಮುಂದೆ ಏನೂ ಇಲ್ಲ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೂರಿನಕ್ಕ ಒತ್ತಿದಳು. ಫೋನಿಗೆ ಸಂಖ್ಯೆ ಬರುತ್ತದೆ ಎಂದು ಕಾದಳು. ಬರಲಿಲ್ಲ, ಪುಟ ಸುಮ್ಮನೆ ತೆರೆದುಕೊಂಡಿತು. ಊರಿಗೆಲ್ಲ ಎರಡು ಬೀಗ ಹಾಕಿದವನು ತನಗೆ ಮಾತ್ರ ಎರಡನೆಯದನ್ನು ಇಟ್ಟುಕೊಂಡಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ದೊಡ್ಡ ಪರದೆಯ ಮೇಲೆ ಇಪ್ಪತ್ತಾರು ಹೆಸರುಗಳ ಪಟ್ಟಿ ಬಿತ್ತು; ಐಸಣ್ಣನ ಹೆಸರಿನ ಮುಂದೆ ಕೆಂಪು ಬೀಗ. ಅವಳು ಅದನ್ನು ಒತ್ತಿ ಹಸಿರು ಮಾಡಿದಳು. ನಕ್ಷೆಯನ್ನೂ ತೆರೆದು ಅವನಿಗೆ ಫೋನು ಮಾಡಿದಳು.

ಎತ್ತಿದವನು ಮ್ಯಾನೇಜರ್. "ಅವರು ಒಳಗೆ ಹೋದ್ರು ಮೇಡಂ. ಹೊರೆ ಹೊರೋಳು ಒಬ್ಬಳು ಒಳಗೇ ಉಳ್ಕೊಂಡಿದ್ಲು. ಎಷ್ಟು ಹೇಳಿದ್ರೂ ಕೇಳ್ಲಿಲ್ಲ, ನಕ್ಷೆ ಬರೋವರೆಗೂ ಕಾಯೋಕಾಗಲ್ಲ ಅಂತ ಹೋದ್ರು... ಬಂದ್ರು, ಬಂದ್ರು! ಎತ್ಕೊಂಡು ಬರ್ತಿದಾರೆ!"

ಐಸಣ್ಣನ ದನಿ ಬರಲು ಎರಡು ನಿಮಿಷ ಹಿಡಿಯಿತು. ಮರಳು ಕಾಗದ ಉಜ್ಜಿದ ಹಾಗೆ ಬಂತು. "ಹೇಳು ತಂಗಿ. ನನಗೆ ಪರದೆ ಕಾಣ್ತಿಲ್ಲ. ನೀನೇ ಓದು."

ಅವಳು ಓದಿದಳು. ಬಲಗಡೆ ನಾಲ್ಕನೆಯದು ಮೊದಲು, ಆಮೇಲೆ ಎಡಗಡೆ ಎರಡನೆಯದು, ಕೊನೆಗೆ ಗೋಡೆಯ ಮೂಲೆಯದು. ಅಗ್ನಿಶಾಮಕದವರು ಬಂದಿದ್ದರು, ಅವರಲ್ಲೊಬ್ಬ ಮುಖವಾಡ ಹಾಕಿ ಐಸಣ್ಣ ಹೇಳಿದ ಹಾಗೆ ಮುಚ್ಚಿದ. ಅವಳ ನೆನಪು ಹೇಳಿದ್ದ ಎಡಗಡೆ ಮೂರನೆಯದು ನಕ್ಷೆಯಲ್ಲಿ ಬೇರೆ ಕೋಣೆಯದಾಗಿತ್ತು.

"ನಿಂತಿತು" ಎಂದ ಐಸಣ್ಣ. ಅವಳು ಮೇಜಿಗೆ ಒರಗಿದಳು.

ಆಗ ಚಪ್ಪಾಳೆ ಬಿತ್ತು. ಮೊದಲು ಹಿಂದಿನ ಸಾಲು, ಆಮೇಲೆ ಇಡೀ ಸಭೆ. ಇದೆಲ್ಲ ಮೊದಲೇ ಏರ್ಪಡಿಸಿದ ಪ್ರದರ್ಶನ ಎಂದುಕೊಂಡಿದ್ದರು ಅವರು. ಎಲ್ಲಿಂದಾದರೂ ಕೆಲಸ! ಒಬ್ಬಳು ಹವಾಯಿ ಚಪ್ಪಲಿಯ ಹೆಂಗಸು ವೇದಿಕೆಯ ಮೇಲೆ ನಿಂತು ಇಪ್ಪತ್ತು ಮೈಲಿಯಾಚೆಯ ವಾಲ್ವ್ ಮುಚ್ಚಿಸಿದಳಲ್ಲ! ಮುಂದಿನ ಸಾಲಿನಲ್ಲಿ ಯಜಮಾನರು ಕಣ್ಣೊರೆಸಿಕೊಳ್ಳುತ್ತಿದ್ದರು. ಅಳಿಯ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಮುಂದೆ ಬಂದು, ತಲೆ ಬಾಗಿಸಿ, ಚಪ್ಪಾಳೆಯನ್ನು ತಾನೇ ಬಾಚಿಕೊಂಡ. ದೂರಿನಕ್ಕನಿಗೆ ಉಗುಳಬೇಕೆನಿಸಿತು. ನೆಲಕ್ಕೆ ದುಬಾರಿ ಕಂಬಳಿ ಹಾಸಿದ್ದರು, ನುಂಗಿಕೊಂಡಳು.

ಹೊರೆ ಹೊರುವ ಹೆಂಗಸು ಮೂರು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಹೋದಳು. ಐಸಣ್ಣನ ಎಡಗಣ್ಣು ಸುಟ್ಟಿತ್ತು. ತನ್ನ ಮುಖವಾಡವನ್ನು ಅವನು ಆ ಹೆಂಗಸಿನ ಮುಖಕ್ಕೆ ಹಾಕಿದ್ದನಂತೆ. ದೃಷ್ಟಿ ಒಂದಿಷ್ಟು ಬರಬಹುದು, ಪೂರ್ತಿ ಬರುವುದಿಲ್ಲ ಎಂದರು ವೈದ್ಯರು.

ಕಚೇರಿಯಲ್ಲಿ ಅದರ ಬಗ್ಗೆ ಎರಡು ದಿನ ಅಯ್ಯೋ ಪಾಪ ಎಂದರು. ಯಜಮಾನರು ಹಣ್ಣಿನ ಬುಟ್ಟಿ ಕಳಿಸಿದರು. ಅಳಿಯ ತನ್ನ ಹೊಸ ಚಿತ್ರಗಳಲ್ಲಿ ವೇದಿಕೆಯ ಫೋಟೋ ಸೇರಿಸಿಕೊಂಡ, ದೂರಿನಕ್ಕನ ಕಾಲು ಕಾಣದ ಹಾಗೆ ಕತ್ತರಿಸಿ. ಮೂರನೆಯ ದಿನ ಮಾತ್ರ ಕಚೇರಿ ನಡುಗಿತು. ಸಭೆಯಲ್ಲಿದ್ದ ಇನ್ನೂರು ಜನರಲ್ಲಿ ಯಾವನೋ ತುಂಟ, ಮುದುಕಿ ಹೇಳಿದ್ದನ್ನು ಬರೆದುಕೊಂಡು, ಅಳಿಯನ ಹೆಸರಿನಲ್ಲೇ ಒಳಗೆ ಹೊಕ್ಕು, ಎಲ್ಲ ಗಿರಾಕಿಗಳಿಗೂ ಒಂದು ಪತ್ರ ಕಳಿಸಿದ್ದ: 'ನಮ್ಮ ಕೀಲಿಕೈಯನ್ನು ಮೌಸಿನ ಕೆಳಗೆ ಇಟ್ಟಿದ್ದೇವೆ. ಬೇಕಾದವರು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ಅಲ್ಲೇ ಇಡಿ.' ಒಬ್ಬನ ಕಣ್ಣು ಹೋದಾಗ ಏಳದ ಯಜಮಾನರು ಈಗ ದಡಬಡಿಸಿ ಎದ್ದರು. ಮಾನ ಹೋಯಿತಲ್ಲ.

"ಇದನ್ನೆಲ್ಲ ಸರಿ ಮಾಡೋರು ಯಾರಮ್ಮ?" ಎಂದು ಅವಳ ಮೇಜಿನ ಹತ್ತಿರವೇ ಬಂದು ನಿಂತರು.

ಆರು ವರ್ಷ ಅವಳು ಕಾದಿದ್ದ ಗಳಿಗೆ ಅದು. ಖಾನೆ ಎಳೆದಳು. ನೋಟುಬುಕ್ಕು ಮೇಲೆಯೇ ಇತ್ತು, ಅಡಿಯಲ್ಲಿ ಕೈಪಿಡಿ. ಕೈ ಎರಡರ ನಡುವೆ ನಿಂತಿತು.

"ನಾಳೆ ಹೇಳ್ತೀನಿ ಸಾರ್" ಎಂದು ಖಾನೆ ಮುಚ್ಚಿದಳು.

ಆ ಸಂಜೆ ಐಸಣ್ಣನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲು ತೆಗೆದಳು. "ಬಾಮ್ಮ" ಎಂದಳು, ಅಷ್ಟೇ. ಒಳಗೆ ಐಸಣ್ಣ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ, ಕಣ್ಣಿಗೆ ಹತ್ತಿಯ ಪಟ್ಟಿ. ಇದ್ದ ಒಂದು ಕಣ್ಣೂ ಬೆಳಕಿಗೆ ನೀರು ಸುರಿಸುತ್ತಿತ್ತು. ದೂರಿನಕ್ಕ ಕೂತವಳೇ ಅಳಿಯನ ಮೇಲೆ ಹರಿಹಾಯ್ದಳು. ಅವನ ಮೋಡ, ಅವನ ಚೀಟಿ, ಅವನು ಬಾಚಿಕೊಂಡ ಚಪ್ಪಾಳೆ, ಕತ್ತರಿಸಿದ ಫೋಟೋ. ಐಸಣ್ಣ ಕೇಳಿದ. ಒಂದೆರಡು ಸಲ ನಕ್ಕ ಕೂಡ. ಮಾತಿನ ಭರದಲ್ಲಿ ಅವಳ ಬಾಯಿಂದ ಬಂತು:

"ನೂರ ಮೂವತ್ತೆಂಟನೇ ಪುಟದಲ್ಲಿ ಎಲ್ಲ ಬರ್ದಿತ್ತು ಅಣ್ಣ! ಒಂದು ಬಿಲ್ಲೆ, ಅಷ್ಟೇ. ಸಂಖ್ಯೆ ತಾನೇ ತೋರ್ಸುತ್ತೆ. ನಕ್ಷೆ ಬೆಳಿಗ್ಗೇನೇ ಇಳಿಸ್ಕೋಬಹುದು. ನಾನು ಹೇಳಿದೆ, ಆ ಗರ್ವಿಷ್ಠ ಕೇಳ್ಲಿಲ್ಲ."

"ಯಾವಾಗ ಹೇಳಿದೆ?"

"ಮೊದಲನೇ ತಿಂಗಳೇ."

"ಆಮೇಲೆ ಯಾರಿಗೆ ಹೇಳಿದೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಜಮಾನರಿಗೆ? ನಮಗೆ ಯಾರಿಗಾದ್ರೂ?"

"ಇಲ್ಲ ಅಣ್ಣ." ಉಳಿದದ್ದನ್ನೂ ಹೇಳಿದಳು. "ಎಣಿಸ್ತಿದ್ದೆ. ಐವತ್ತು ಆಗ್ಲಿ ಅಂತ."

"ನಂದು ಎಷ್ಟನೇದು?"

"ನಲವತ್ತೊಂದು."

ಐಸಣ್ಣ ಪಟ್ಟಿಯ ಅಂಚನ್ನು ಬೆರಳಿನಿಂದ ಒತ್ತಿಕೊಂಡ.

"ಅವನು ದಡ್ಡ, ಗೊತ್ತಿಲ್ದೆ ಮಾಡ್ದ. ನೀನು ದಡ್ಡಿ ಅಲ್ವಲ್ಲ ತಂಗಿ."

ಬೈಗುಳವಿಲ್ಲ, ದನಿ ಏರಿಸಲೂ ಇಲ್ಲ. ಅವನ ಹೆಂಡತಿ ಟೀ ತಂದು ಇಟ್ಟಳು. ಸಕ್ಕರೆ ಎಷ್ಟು ಎಂದು ಎಂದಿನಂತೆ ಕೇಳಲಿಲ್ಲ. ದೂರಿನಕ್ಕ ಆ ಟೀಯನ್ನು ಪೂರ್ತಿ ಕುಡಿದಳು, ಬಿಟ್ಟು ಎದ್ದರೆ ಅದೂ ಒಂದು ಅಹಂಕಾರವಾದೀತು ಎಂದು. ಅಳಿಯನ ಬಗ್ಗೆ ಮೂರು ತಿಂಗಳಿನಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ಬಾಯಲ್ಲೇ ಇತ್ತು. ಆದರೆ ಅವು ಈಗ ಯಾರಿಗೆ ಹೊಂದುತ್ತವೆ ಎಂದು ಅವಳಿಗೆ ಖಾತ್ರಿ ಇರಲಿಲ್ಲ.

ಮನೆಗೆ ಬಂದಾಗ ಅತ್ತೆ ಒಳಗಿನಿಂದ ಕೂಗಿದಳು: "ಆಮೇಲೆ ಏನಾಯ್ತೇ? ಆ ಅಳಿಯನ್ನ ಓಡಿಸಿದ್ರಾ?"

"ಸಾಕು ಅತ್ತೆ" ಎಂದಳು. ಸೊಸೆ ಆ ಮಾತನ್ನು ಆ ದನಿಯಲ್ಲಿ ಎಂದೂ ಹೇಳಿದವಳಲ್ಲ.

ಮರುದಿನ ಕೈಪಿಡಿ, ನೋಟುಬುಕ್ಕು ಎರಡನ್ನೂ ಯಜಮಾನರ ಮುಂದೆ ಇಟ್ಟಳು. ಅಳಿಯ ಪಕ್ಕದಲ್ಲೇ ಕೂತಿದ್ದ. ಅವನ ಮುಖ ನೋಡಬೇಕೆಂದು ಎಷ್ಟು ಕಾದಿದ್ದಳೋ, ಆಗ ನೋಡಲು ಮನಸ್ಸೇ ಬರಲಿಲ್ಲ.

"ಇದು ಪರಿಹಾರ. ಇದು ನಾನು ಬಚ್ಚಿಟ್ಟಿದ್ದು. ಅವರು ಕೇಳ್ಲಿಲ್ಲ ಅನ್ನೋದು ನಿಜ. ಎರಡನೇ ಸಲ ನಾನು ಹೇಳ್ಲಿಲ್ಲ ಅನ್ನೋದೂ ನಿಜ ಸಾರ್."

ಯಜಮಾನರಿಗೆ ಎರಡನೆಯ ನಿಜ ಬೇಕಾಗಿರಲಿಲ್ಲ. "ಹೋಗ್ಲಿ ಬಿಡಮ್ಮ, ಆಗಿದ್ದು ಆಯ್ತು" ಎಂದು ನೋಟುಬುಕ್ಕನ್ನು ತೆರೆಯದೆಯೇ ಅವಳತ್ತ ಸರಿಸಿದರು. ಅಳಿಯನಿಗೆ ಮೊದಲನೆಯದೂ ಬೇಕಾಗಿರಲಿಲ್ಲ. ಕಂಪನಿ ಚಿಕ್ಕದು, ತನ್ನ ಯೋಚನೆ ದೊಡ್ಡದು ಎಂದು ಅವನು ಮುಂದಿನ ತಿಂಗಳು ಬೇರೆಡೆ ಸಲಹೆಗಾರನಾಗಿ ಹೋದ. ಈಗ ಆಸ್ಪತ್ರೆಗಳಿಗೆ ಸುರಕ್ಷೆಯ ಬಗ್ಗೆ ಪಾಠ ಹೇಳುತ್ತಾನಂತೆ. ದೇವರೇ ಕಾಯಬೇಕು, ರೋಗಿಗಳನ್ನೂ, ಅವರ ಬೀಗಗಳನ್ನೂ.

ಬಿಲ್ಲೆಗಳು ಬಂದವು. ದೂರಿನಕ್ಕ ಗೋದಾಮಿನಲ್ಲಿ, ಪರದೆ ಚಿತ್ರ ಏನೂ ಇಲ್ಲದೆ, ಇಪ್ಪತ್ತಾರು ಜನರಿಗೂ ಒಬ್ಬೊಬ್ಬರಿಗೇ ಕೈಗಿತ್ತು ತೋರಿಸಿಕೊಟ್ಟಳು. ಬೀಗ ತೆಗೆಯುವ ಅಧಿಕಾರವನ್ನು ತನ್ನೊಬ್ಬಳ ಹತ್ತಿರ ಇಟ್ಟುಕೊಳ್ಳದೆ ಇಬ್ಬರು ಹಿರಿಯ ಮೆಕ್ಯಾನಿಕ್ಕುಗಳಿಗೂ ಹಂಚಿದಳು. ಯಜಮಾನರು ತಮಗೆ ಎರಡನೇ ಬೀಗ ಬೇಡ, ಕಣ್ಣು ಕಾಣುವುದಿಲ್ಲ ಎಂದರು. "ಹಾಗಾದ್ರೆ ಕನ್ನಡಕ ಹಾಕ್ಕೊಳ್ಳಿ ಸಾರ್" ಎಂದಳು.

ಐಸಣ್ಣ ಎರಡು ತಿಂಗಳ ಮೇಲೆ ಕೆಲಸಕ್ಕೆ ಬಂದ, ಹೊರಗಿನ ಓಡಾಟ ಬಿಟ್ಟು ಗೋದಾಮಿನ ಕೆಲಸಕ್ಕೆ. ಈಗವನು ಅವಳನ್ನು ತಂಗಿ ಎನ್ನುವುದಿಲ್ಲ. ಬೇರೆಯವರ ಹಾಗೆ ಅಕ್ಕ ಎನ್ನುತ್ತಾನೆ, ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವನು. ಅವಳು ಮಾತ್ರ ಅಣ್ಣ ಎನ್ನುವುದನ್ನು ಬಿಟ್ಟಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ತನ್ನ ಡಬ್ಬಿ ಹಿಡಿದು ಗೋದಾಮಿಗೇ ಹೋಗುತ್ತಾಳೆ. ಅವನು ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಬಿಡುತ್ತಾನೆ. ಇಬ್ಬರೂ ಹೆಚ್ಚು ಮಾತಿಲ್ಲದೆ ಉಣ್ಣುತ್ತಾರೆ.